ಕಾರಿನ ನೆತ್ತಿಗೆ ಸೌರಫಲಕ: ಮೊದಲು ಲೆಕ್ಕ, ಆಮೇಲೆ ತಂತಿ

ಮಾನ್ಯ ಸಂಪಾದಕರೇ,

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವ ಹೈಬ್ರಿಡ್ ಕಾರಿನ ನೆತ್ತಿಯ ಮೇಲೆ ಒಂದೆರಡು ಸೌರಫಲಕ ಅಂಟಿಸಿ, ತಂತಿಯನ್ನು ಆ ಮೋಟರ್ ಓಡಿಸುವ ದೊಡ್ಡ ಬ್ಯಾಟರಿಗೆ ಸೇರಿಸಿಬಿಟ್ಟರೆ ಪೆಟ್ರೋಲ್ ಬಳಕೆ ಅರ್ಧಕ್ಕಿಳಿಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಈ ಬಗ್ಗೆ ಬರುವ ಬರಹಗಳೂ ಹೆಚ್ಚಾಗಿ ‘ಇಷ್ಟು ವ್ಯಾಟ್‌ನ ಪ್ಯಾನೆಲ್’ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತವೆ. ವಾಹನಗಳ ವಿದ್ಯುತ್ ಕೆಲಸ ಬಲ್ಲ ನಮಗೆ ಇದು ಆತಂಕದ ಸಂಗತಿ. ಇಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಬರೀ ದುಡ್ಡಲ್ಲ. ಅನೇಕ ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿಯಲ್ಲಿ 200 ವೋಲ್ಟ್‌ಗೂ ಮೀರಿದ ಡಿಸಿ ವಿದ್ಯುತ್ ಇರುತ್ತದೆ, ಅದು ಜೀವ ತೆಗೆಯಬಲ್ಲದು. ನಮ್ಮ ಮಾತು ಇಷ್ಟೇ: ಕಾರಿನ ಮೇಲೆ ಕೂರಿಸುವ ಫಲಕ ಚಿಕ್ಕ ಬ್ಯಾಟರಿಯ 12 ವೋಲ್ಟ್ ಬದಿಗೆ ಸೇರಲಿ, ದೊಡ್ಡ ಬ್ಯಾಟರಿಯ ತಂಟೆಗೆ ಹೋಗುವುದು ಬೇಡ. ಯಾಕೆ, ಹೇಗೆ ಎಂಬುದನ್ನು ಅಂಕಿಗಳ ಸಮೇತ ಬರೆಯುತ್ತಿದ್ದೇವೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಸ್ಥಳ ಕೊಡಿ.

ಮೊದಲು ಲೆಕ್ಕ. ಸಾಮಾನ್ಯ ಕಾರಿನ ಮಾಡಿನ (ಚಾವಣಿಯ) ಮೇಲೆ ಫಲಕಕ್ಕೆ ಸಿಗುವ ಜಾಗ ಒಂದೂವರೆಯಿಂದ ಎರಡು ಚದರ ಮೀಟರ್. ಬಾಗುವ ಜಾತಿಯ 100 ವ್ಯಾಟ್ ಪ್ಯಾನೆಲ್ ಒಂದು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲ ಇರುತ್ತದೆ. ಆಂಟೆನಾ, ಸನ್‌ರೂಫ್ ಬಿಟ್ಟು ಸಲೀಸಾಗಿ ಕೂರುವುದು ಅಂಥವು ಎರಡು, ಅಂದರೆ 200 ವ್ಯಾಟ್. ಪ್ಯಾನೆಲ್‌ನ ಮೇಲೆ ಬರೆದಿರುವ ವ್ಯಾಟ್, ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ನೇರವಾಗಿ ಬಿದ್ದು, ಸೆಲ್ 25 ಡಿಗ್ರಿಯಲ್ಲಿದ್ದಾಗಿನ ಮಾತು. ಕಾರಿನ ತಗಡಿಗೆ ಅಂಟಿದ ಸೆಲ್ ಬಿಸಿಲಲ್ಲಿ 65–70 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿ ಏರಿದಾಗಲೂ ಸಿಲಿಕಾನ್ ಸೆಲ್‌ನ ಶಕ್ತಿ ಶೇ 0.35ರಿಂದ 0.4ರಷ್ಟು ಕುಗ್ಗುವುದರಿಂದ ಶೇ 15ಕ್ಕೂ ಹೆಚ್ಚು ಅಲ್ಲೇ ಹೋಯಿತು. ಒಳ್ಳೆಯ ಬಿಸಿಲಿನ ದಿನವನ್ನು ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದುಕೊಂಡರೆ 200 ವ್ಯಾಟ್‌ನಿಂದ ಬರಬೇಕಾದದ್ದು 1000 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್. ಕಾವು, ಧೂಳು, ತಂತಿ, ಫಲಕದಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಕಂಟ್ರೋಲರ್ ಎಲ್ಲವೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಕೈಗೆ ಬರುವುದು 700ರ ಆಸುಪಾಸು. ಅದನ್ನು 200 ವೋಲ್ಟ್‌ಗೆ ಏರಿಸಿ, ಬ್ಯಾಟರಿಗೆ ತುಂಬಿ, ಮತ್ತೆ ಹೊರತೆಗೆಯುವಷ್ಟರಲ್ಲಿ 570 ಉಳಿದರೆ ಹೆಚ್ಚು.

ವಿದ್ಯುತ್ತಿನಲ್ಲಿ ಓಡುವಾಗ ಇಂಥ ಕಾರಿಗೆ ಕಿಲೋಮೀಟರಿಗೆ ಸುಮಾರು 150 ವ್ಯಾಟ್-ಅವರ್ ಬೇಕು. ಅಂದರೆ ದಿನಕ್ಕೆ ನಾಲ್ಕು ಕಿ.ಮೀ.ಗೂ ಒಂದಿಷ್ಟು ಕಡಿಮೆ. ಲೀಟರಿಗೆ 20 ಕಿ.ಮೀ. ಕೊಡುವ ಹೈಬ್ರಿಡ್‌ನಲ್ಲಿ ಅದು 190 ಮಿಲಿಲೀಟರ್ ಪೆಟ್ರೋಲ್‌ಗೆ ಸಮ. ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 8.9 ಯೂನಿಟ್ ಶಕ್ತಿ ಇದೆ. ಒಳ್ಳೆಯ ಹೈಬ್ರಿಡ್ ಎಂಜಿನ್ ಅದರಲ್ಲಿ ಶೇ 38ರಷ್ಟನ್ನು ಚಕ್ರದ ಕೆಲಸಕ್ಕೆ ತರುತ್ತದೆ. ಆ ಲೆಕ್ಕದಲ್ಲಿ ಉಳಿತಾಯ ಸುಮಾರು 170 ಮಿಲಿಲೀಟರ್ ಬರುತ್ತದೆ. ಎರಡೂ ಲೆಕ್ಕ ಹತ್ತಿರ ಹತ್ತಿರವೇ ಇವೆ. ತಯಾರಕರ ಅಂಕಿಯೂ ಇದಕ್ಕೆ ಹೊಂದುತ್ತದೆ: 2017ರಲ್ಲಿ ಜಪಾನಿನಲ್ಲಿ ಬಂದ ಟೊಯೊಟಾ ಪ್ರಿಯಸ್ ಪಿಎಚ್‌ವಿ (ಪ್ಲಗ್ ಹಾಕಿಯೂ ಚಾರ್ಜ್ ಮಾಡಬಲ್ಲ ಹೈಬ್ರಿಡ್) ಕಾರಿಗೆ 180 ವ್ಯಾಟ್‌ನ ಸೌರ ಮಾಡು ಸಿಗುತ್ತಿತ್ತು, ಅದರಿಂದ ದಿನಕ್ಕೆ ಸರಾಸರಿ 2.9 ಕಿ.ಮೀ., ಬಹಳ ಒಳ್ಳೆಯ ದಿನ 6.1 ಕಿ.ಮೀ. ಎಂದು ಕಂಪನಿಯೇ ಹೇಳಿತ್ತು. ಟೊಯೊಟಾ, ಶಾರ್ಪ್ ಮತ್ತು ಜಪಾನಿನ ಇಂಧನ ತಂತ್ರಜ್ಞಾನ ಸಂಸ್ಥೆ ನೆಡೊ ಸೇರಿ 2019ರಲ್ಲಿ ಅದೇ ಕಾರಿನ ಮಾಡು, ಬಾನೆಟ್, ಹಿಂಬಾಗಿಲು ಎಲ್ಲಕ್ಕೂ ಸೆಲ್ ಹೊದಿಸಿ 860 ವ್ಯಾಟ್ ಮಾಡಿದ ಪ್ರಯೋಗದಲ್ಲಿ ದಿನಕ್ಕೆ ಗರಿಷ್ಠ 44.5 ಕಿ.ಮೀ. ಎಂಬ ಅಂಕಿ ಬಂತು. ಆದರೆ ಅದು ಶೇ 34ಕ್ಕೂ ಮೀರಿದ ದಕ್ಷತೆಯ, ಅಂಗಡಿಯಲ್ಲಿ ಸಿಗದ ಸೆಲ್‌ಗಳ ಕಥೆ. ಮನೆಮಂದಿ ಕೊಳ್ಳುವ ಪ್ಯಾನೆಲ್‌ಗೆ ಆ ಅಂಕಿಯನ್ನು ತಗುಲಿಹಾಕಬಾರದು.

ಇಷ್ಟಾದರೂ ಬರಲಿ ಬಿಡಿ ಎನ್ನುವವರು ಮುಂದಿನ ಮಾತು ಗಮನಿಸಬೇಕು. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್ ಇಲ್ಲದ ಹೈಬ್ರಿಡ್‌ನಲ್ಲಿ ಈ ವಿದ್ಯುತ್ತನ್ನು ಇಡಲು ಜಾಗವೇ ಇಲ್ಲ. ಎರಡನೇ ತಲೆಮಾರಿನ ಪ್ರಿಯಸ್ ತೆಗೆದುಕೊಳ್ಳಿ. 7.2 ವೋಲ್ಟ್‌ನ 28 ಮಾಡ್ಯೂಲ್‌ಗಳು ಸರಣಿಯಲ್ಲಿ, ಒಟ್ಟು 201.6 ವೋಲ್ಟ್, 6.5 ಆಂಪಿಯರ್-ಅವರ್. ಗುಣಿಸಿದರೆ ಸುಮಾರು 1310 ವ್ಯಾಟ್-ಅವರ್. ಬ್ಯಾಟರಿ ಬಾಳಿಕೆ ಬರಲೆಂದು ಕಾರು ಅದನ್ನು ಶೇ 40ರಿಂದ 80ರ ನಡುವೆಯೇ ಆಡಿಸುತ್ತದೆ, ಸಾಮಾನ್ಯವಾಗಿ ಶೇ 60ರ ಹತ್ತಿರ ಇಟ್ಟಿರುತ್ತದೆ. ಕಾರು ನಿಲ್ಲಿಸಿದಾಗ 60 ಇದ್ದರೆ 80ಕ್ಕೆ ಏರಿಸಲು ಹಿಡಿಸುವುದು 260 ವ್ಯಾಟ್-ಅವರ್ ಮಾತ್ರ. ಮಧ್ಯಾಹ್ನಕ್ಕೆ ಮುಂಚೆಯೇ ಅದು ತುಂಬಿ ಹೋಗುತ್ತದೆ. ತುಂಬಿದ ಬ್ಯಾಟರಿಯೊಂದಿಗೆ ಹೊರಟ ಕಾರು ಮುಂದಿನ ಇಳಿಜಾರಿನಲ್ಲಿ ಬ್ರೇಕ್‌ನಿಂದ ಸಿಗುವ ವಿದ್ಯುತ್ತನ್ನು ಬೇಡವೆಂದು ತಳ್ಳಿ, ಎಂಜಿನ್‌ನ ಹಿಡಿತದಿಂದ ಗಾಡಿಯ ವೇಗ ತಗ್ಗಿಸುತ್ತದೆ. ಬಿಸಿಲಿನಿಂದ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಬ್ರೇಕ್‌ನಿಂದ ಕಳೆದುಹೋಗುತ್ತದೆ.

ಅಪಾಯದ ಮಾತು ಇದಕ್ಕಿಂತ ದೊಡ್ಡದು. ಕಾರು ಆಫ್ ಆಗಿರುವಾಗ ಬ್ಯಾಟರಿಯ ಕಾವಲು ಕಾಯುವ ಕಂಪ್ಯೂಟರ್ ಮಲಗಿರುತ್ತದೆ, ತಂಪು ಮಾಡುವ ಫ್ಯಾನ್ ನಿಂತಿರುತ್ತದೆ, ಬ್ಯಾಟರಿಯನ್ನು ಕಾರಿಗೆ ಕೂಡಿಸುವ ಸ್ವಿಚ್‌ಗಳಾದ ದೊಡ್ಡ ರಿಲೇಗಳು ಬಿಚ್ಚಿರುತ್ತವೆ. ಆಗ ಚಾರ್ಜ್ ಮಾಡಬೇಕೆಂದರೆ ರಿಲೇಗಳ ಒಳಬದಿಗೆ, ಅಂದರೆ ಬ್ಯಾಟರಿ ಪೆಟ್ಟಿಗೆಯೊಳಕ್ಕೆ ತಂತಿ ಹೋಗಬೇಕು. ಅಲ್ಲಿಗೆ ತಯಾರಕರು ಹಾಕಿದ್ದ ರಕ್ಷಣೆಯೆಲ್ಲ ದಾಟಿದಂತಾಯಿತು; ಪೆಟ್ಟಿಗೆಯ ಹೊರಗೆ ಸದಾ ಜೀವಂತವಾಗಿರುವ 200 ವೋಲ್ಟ್ ತಂತಿಯೊಂದು ಹುಟ್ಟಿಕೊಂಡಿತು. ಆ ಪ್ರಿಯಸ್‌ನಲ್ಲಿರುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ತುಂಬಿದ ಮೇಲೂ ಚಾರ್ಜ್ ಆಗುತ್ತಿದ್ದರೆ ಬಂದ ಶಕ್ತಿಯೆಲ್ಲ ಕಾವಾಗುತ್ತದೆ. 170 ವ್ಯಾಟ್ ಅನ್ನು 220 ವೋಲ್ಟ್‌ನಲ್ಲಿ ತುಂಬಿದರೆ ಮುಕ್ಕಾಲು ಆಂಪಿಯರ್, 6.5 ಆಂಪಿಯರ್-ಅವರ್ ಬ್ಯಾಟರಿಗೆ ಇದು ಎಂಟರಲ್ಲಿ ಒಂದು ಪಾಲಿನ ವೇಗ, ಕಡಿತವಿಲ್ಲದೆ ಬಿಡಲು ತಕ್ಕದ್ದಲ್ಲ. ಕಾರನ್ನು ಒಂದು ವಾರ ಬಿಸಿಲಲ್ಲಿ ನಿಲ್ಲಿಸಿ ಊರಿಗೆ ಹೋದರೆ ಸರಣಿಯಲ್ಲಿರುವ 168 ಸೆಲ್‌ಗಳಲ್ಲಿ ಬಡವಾದ ಸೆಲ್ ಮೊದಲು ಬೇಯುತ್ತದೆ. ಲಿಥಿಯಂ ಬ್ಯಾಟರಿಯಾದರಂತೂ ಮಿತಿಮೀರಿದ ಚಾರ್ಜ್ ಅನ್ನು ಒಂದಿಷ್ಟೂ ಸಹಿಸದು.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಬ್ಯಾಟರಿಯ ಎರಡೂ ತುದಿಗಳು ಕಾರಿನ ಬಾಡಿಗೆ ಎಲ್ಲೂ ತಾಗದಂತೆ ತಯಾರಕರು ಕಟ್ಟಿರುತ್ತಾರೆ. ತಾಗಿದೆಯೇ ಎಂದು ಕಾರು ಸದಾ ಅಳೆಯುತ್ತಲೂ ಇರುತ್ತದೆ. ಅಗ್ಗದ ವೋಲ್ಟೇಜ್ ಏರಿಸುವ ಬೋರ್ಡ್‌ಗಳಲ್ಲಿ ಒಳಬದಿಯ ನೆಗೆಟಿವ್ ಮತ್ತು ಹೊರಬದಿಯ ನೆಗೆಟಿವ್ ಒಂದೇ. ಫಲಕದ ನೆಗೆಟಿವ್ ಅನ್ನು ಬಾಡಿಗೆ ಕಟ್ಟಿದ್ದರೆ ಆ ಬೋರ್ಡ್‌ನ ಮೂಲಕ ದೊಡ್ಡ ಬ್ಯಾಟರಿಯೂ ಬಾಡಿಗೆ ತಾಗಿದಂತೆ. ಪಿ0ಎಎ6 ಎಂಬ ದೋಷಸಂಕೇತ ಬರುತ್ತದೆ. ಅದಿದ್ದಾಗ ಕಾರು ‘ರೆಡಿ’ಗೆ, ಅಂದರೆ ಓಡಲು ಸಿದ್ಧವಾದ ಸ್ಥಿತಿಗೆ, ಬಾರದೆಯೂ ಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಇನ್ನೊಂದು ತುದಿಯನ್ನು ಮುಟ್ಟಿದವರ ಮೈಯೇ ಸರ್ಕ್ಯೂಟ್ ಪೂರ್ತಿ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಮೂಲಕ ಎರಡೂ ಬದಿ ಬೇರ್ಪಟ್ಟ ಕನ್ವರ್ಟರ್ ಇಲ್ಲದೆ ದೊಡ್ಡ ಬ್ಯಾಟರಿಯ ಕಿತ್ತಳೆ ಬಣ್ಣದ ಕೇಬಲ್‌ನ ಹತ್ತಿರವೂ ಸುಳಿಯಬಾರದು. 1000 ವೋಲ್ಟ್ ತಾಳುವ ಕೈಗವಸು ತೊಟ್ಟು, ದೊಡ್ಡ ಬ್ಯಾಟರಿಯ ಸರಣಿಯನ್ನು ನಡುವೆ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಇಳಿಯಲು ಹತ್ತು ನಿಮಿಷ ಕಾದು, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಆ ಕೆಲಸ. ಪ್ಲಗ್ ಕಿತ್ತರೂ ಪೆಟ್ಟಿಗೆಯೊಳಗಿನ ಎರಡು ಭಾಗಗಳಲ್ಲಿ ಅಪಾಯಕಾರಿ ವೋಲ್ಟೇಜ್ ಇದ್ದೇ ಇರುತ್ತದೆ. ಈ ತರಬೇತಿ ಇಲ್ಲದವರು ಮಾಡಲೇಬಾರದು ಎಂದು ಕಡ್ಡಿ ಮುರಿದಂತೆ ಹೇಳುತ್ತೇವೆ.

ಈಗ ಫಲಕ ನಿಜಕ್ಕೂ ಉಪಕಾರ ಮಾಡುವ ಜಾಗಕ್ಕೆ ಬರೋಣ. ಹೈಬ್ರಿಡ್‌ನಲ್ಲೂ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಇದೆ. ಅನೇಕ ಕಾರುಗಳಲ್ಲಿ ಅದಕ್ಕೆ ಸ್ಟಾರ್ಟರ್ ಮೋಟರ್ ತಿರುಗಿಸುವ ಕೆಲಸ ಇಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸಿ ದೊಡ್ಡ ರಿಲೇಗಳನ್ನು ಕೂಡಿಸಿದರೆ ಸಾಕು. ಹಾಗಾಗಿ ತಯಾರಕರು ಅದನ್ನು ಸಣ್ಣದಾಗಿಯೇ ಇಡುತ್ತಾರೆ. ಅದು ಬತ್ತಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಸ್ಮಾರ್ಟ್ ಕೀ, ಅಲಾರಾಂ ಮುಂತಾದವು ನಿಂತ ಕಾರಿನಲ್ಲೂ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಿರುತ್ತವೆ. 30 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.72 ಆಂಪಿಯರ್-ಅವರ್, 36 ಆಂಪಿಯರ್-ಅವರ್ ಬ್ಯಾಟರಿ 25 ದಿನದಲ್ಲಿ ಅರ್ಧ ಖಾಲಿ. ಈ ಸೋರಿಕೆ ತುಂಬಲು 20–30 ವ್ಯಾಟ್‌ನ ಪುಟ್ಟ ಫಲಕ ಮೋಡದ ದಿನಗಳನ್ನೂ ಸೇರಿಸಿ ಧಾರಾಳವಾಗಿ ಸಾಕು. ಹೆಚ್ಚು ಹೊತ್ತು ನಿಂತಿರುವ ಕಾರಿಗೆ ಇದಕ್ಕಿಂತ ಒಳ್ಳೆಯ ಸೌರ ಕೆಲಸ ಇನ್ನೊಂದಿಲ್ಲ.

200 ವ್ಯಾಟ್ ಹಾಕುವವರಿಗೂ 12 ವೋಲ್ಟ್ ಬದಿಯಲ್ಲೇ ದಾರಿ ಇದೆ. ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್ ಬದಲು ಡಿಸಿ-ಡಿಸಿ ಕನ್ವರ್ಟರ್ ಇರುತ್ತದೆ. ಕಾರು ರೆಡಿಯಲ್ಲಿದ್ದಾಗ ಕಂಪ್ಯೂಟರ್, ಪಂಪ್, ಫ್ಯಾನ್, ದೀಪಗಳಿಗೆ ಬೇಕಾದ 200–300 ವ್ಯಾಟ್ ಅನ್ನು ಅದು ದೊಡ್ಡ ಬ್ಯಾಟರಿಯಿಂದ ಇಳಿಸಿ ಕೊಡುತ್ತದೆ. ಫಲಕದ ವೋಲ್ಟೇಜ್ ಕನ್ವರ್ಟರ್‌ಗಿಂತ ಕೂದಲೆಳೆಯಷ್ಟು ಮೇಲಿದ್ದರೆ ಆ ಭಾರದ ಒಂದು ಪಾಲನ್ನು ಫಲಕವೇ ಹೊರುತ್ತದೆ, ಅಷ್ಟು ವಿದ್ಯುತ್ ದೊಡ್ಡ ಬ್ಯಾಟರಿಯಲ್ಲೇ ಉಳಿಯುತ್ತದೆ. 200 ವೋಲ್ಟ್ ಮುಟ್ಟದೆಯೇ ದೊಡ್ಡ ಬ್ಯಾಟರಿಗೆ ನೆರವಾದಂತಾಯಿತು. ತೊಡಕೊಂದೇ: ಕಾರು ನಿಂತಿದ್ದಾಗ ಚಿಕ್ಕ ಬ್ಯಾಟರಿ ಬೇಗ ತುಂಬಿ ಉಳಿದ ಬಿಸಿಲು ವ್ಯರ್ಥ. ಅದಕ್ಕೆ ಡಿಕ್ಕಿಯಲ್ಲಿ 12.8 ವೋಲ್ಟ್, 50 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇಡಬಹುದು. 640 ವ್ಯಾಟ್-ಅವರ್ ಹಿಡಿಸುತ್ತದೆ, ಆರೇಳು ಕಿಲೋ ತೂಕ. ಫಲಕ ಅದನ್ನು ತುಂಬಲಿ. ಕಾರು ರೆಡಿಗೆ ಬಂದಾಗ ಮಾತ್ರ, ಒಂದು 12ರಿಂದ 12 ವೋಲ್ಟ್ ಚಾರ್ಜರ್ ಮೂಲಕ ಅದು ಕಾರಿನ 12 ವೋಲ್ಟ್‌ಗೆ ಇಳಿಯಲಿ. ರೆಡಿ ಆಗಿದೆಯೆಂದು ತಿಳಿಯುವುದು ಸುಲಭ. ಮಲಗಿದ ಕಾರಿನ 12.5 ವೋಲ್ಟ್ ರೆಡಿಯಲ್ಲಿ 14ರ ಹತ್ತಿರಕ್ಕೆ ಜಿಗಿಯುತ್ತದೆ, 13.5ರಲ್ಲಿ ಕೂಡುವ ವೋಲ್ಟೇಜ್ ರಿಲೇ ಸಾಕು. ಆದರೆ ಫಲಕದ ತಂತಿ ನೇರವಾಗಿ ಕಾರಿನ ಬ್ಯಾಟರಿಗೂ ಸೇರಿದ್ದರೆ ನಿಂತ ಕಾರಿನಲ್ಲೂ 14 ವೋಲ್ಟ್ ಕಂಡು ರಿಲೇ ಮೋಸಹೋಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿ. ಮೊದಲು ಹೇಳಿದ ಪ್ರಿಯಸ್ ಪಿಎಚ್‌ವಿಯಲ್ಲಿ ತಯಾರಕರು ಮಾಡಿದ್ದೂ ಇದೇ ಧಾಟಿಯ ಕೆಲಸ: ನಿಂತಾಗ ಒಂದು ಪ್ರತ್ಯೇಕ ಸಣ್ಣ ಬ್ಯಾಟರಿಗೆ ತುಂಬುವುದು, ಓಡುವಾಗ 12 ವೋಲ್ಟ್‌ಗೆ ಕೊಡುವುದು. ಅವರು ಕೂಡಿಟ್ಟದ್ದನ್ನು ದೊಡ್ಡ ಬ್ಯಾಟರಿಗೂ ದಾಟಿಸುತ್ತಿದ್ದರು ನಿಜ. ಆದರೆ ಅಲ್ಲಿ ಕಾರಿನ ಕಂಪ್ಯೂಟರೇ ಎಚ್ಚರವಿದ್ದು ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು.

ಕೂರಿಸುವ ಕ್ರಮದಲ್ಲಿ ಕೆಡುವುದು ಸಾಮಾನ್ಯವಾಗಿ ಎಲ್ಲಿ ಎಂಬುದನ್ನೂ ಹೇಳಬೇಕು. ಗಾಜಿನ ಪ್ಯಾನೆಲ್ ಬಾಳಿಕೆಯದ್ದು, ಆದರೆ ಕ್ಯಾರಿಯರ್ ಮೇಲೆ ಎತ್ತರದಲ್ಲಿ ಕೂತು ಗಾಳಿಗೆ ಅಡ್ಡವಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ತಿನ್ನುವ ಪೆಟ್ರೋಲ್ ಬಿಸಿಲಿನ ಉಳಿತಾಯವನ್ನೇ ನುಂಗಬಹುದು. ಬಾಗುವ ಪ್ಯಾನೆಲ್ ಕಾರಿಗೆ ಹೊಂದುತ್ತದೆ. ಕೊಳ್ಳುವಾಗ ಮೇಲ್ಪದರ ಇಟಿಎಫ್‌ಇ ಎಂಬ ಬಾಳಿಕೆಯ ಪ್ಲಾಸ್ಟಿಕ್‌ನದ್ದೇ ಎಂದು ಕೇಳಿ. ಸಾಧಾರಣ ಪಿಇಟಿ ಪ್ಲಾಸ್ಟಿಕ್ ಪದರ ಬಿಸಿಲಿಗೆ ಹಳದಿಯಾಗಿ ಪದರ ಬಿಡುತ್ತದೆ. ತಗಡಿಗೆ ನೇರ ಅಂಟಿಸುವ ಬದಲು ನಡುವೆ 4 ಮಿಲಿಮೀಟರ್ ದಪ್ಪದ ಟೊಳ್ಳು ಪಾಲಿಕಾರ್ಬನೇಟ್ ಹಾಳೆ ಇಟ್ಟರೆ ಅದರ ಕೊಳವೆಗಳಲ್ಲಿ ಗಾಳಿಯಾಡಿ ಸೆಲ್ ತಂಪಾಗುತ್ತದೆ. ಕೊಳವೆಗಳು ಕಾರಿನ ಅಡ್ಡಕ್ಕೆ ಇರಲಿ, ಎದುರುಗಾಳಿಗೆ ಬಾಯಿ ತೆರೆದಿದ್ದರೆ ಮಳೆನೀರು, ಹುಳ ಹೊಕ್ಕು ಕಟ್ಟಿಕೊಳ್ಳುತ್ತದೆ. ಮುಂದಿನ ಅಂಚನ್ನು ಸೀಲಂಟ್‌ನಿಂದ ಪೂರ್ತಿ ಮುಚ್ಚಬೇಕು. ಓಡುವ ಕಾರಿನ ಮಾಡಿನ ಮೇಲೆ ಗಾಳಿ ಒತ್ತುವುದಕ್ಕಿಂತ ಮೇಲಕ್ಕೆಳೆಯುವುದೇ ಹೆಚ್ಚು, ಎದ್ದ ಅಂಚೊಂದು ಸಿಕ್ಕರೆ ಇಡೀ ಫಲಕ ಕಿತ್ತು ಹಿಂದಿನ ಗಾಡಿಯ ಮೇಲೆ ಬೀಳುತ್ತದೆ. ಮರುಬಣ್ಣ ಬಳಿದ ಮಾಡಿನ ಮೇಲೆ ಅಂಟನ್ನು ನಂಬಬೇಡಿ, ಬಣ್ಣವೇ ಸುಲಿದು ಬರುತ್ತದೆ.

100 ವ್ಯಾಟ್ ಪ್ಯಾನೆಲ್‌ನ ಕೆಲಸದ ವೋಲ್ಟೇಜ್ 18, ಕರೆಂಟ್ 5.5 ಆಂಪಿಯರ್, ತೆರೆದ (ಏನನ್ನೂ ಜೋಡಿಸದಿದ್ದಾಗಿನ) ವೋಲ್ಟೇಜ್ 22 ಎಂದಿಟ್ಟುಕೊಳ್ಳಿ. ಕಾದಾಗ ಆ 18 ಇಳಿದು 15ರ ಆಸುಪಾಸಿಗೆ ಬರುತ್ತದೆ. ಎರಡನ್ನು ಪ್ಯಾರಲಲ್ ಕಟ್ಟಿದರೆ 14 ವೋಲ್ಟ್‌ನ ಬ್ಯಾಟರಿ ತುಂಬಲು, ಫಲಕದಿಂದ ಗರಿಷ್ಠ ಶಕ್ತಿ ಎಳೆಯುವ ಎಂಪಿಪಿಟಿ ಜಾತಿಯ ಕಂಟ್ರೋಲರ್‌ಗೆ ಆಡಲು ಜಾಗವೇ ಉಳಿಯುವುದಿಲ್ಲ. ಕೆಲವು ಕಂಟ್ರೋಲರ್‌ಗಳು ಬ್ಯಾಟರಿಗಿಂತ 5 ವೋಲ್ಟ್ ಹೆಚ್ಚಿಲ್ಲದೆ ಕೆಲಸವನ್ನೇ ಶುರುಮಾಡವು. ಹಾಗಾಗಿ ಸರಣಿಯೇ ಲೇಸು. ತೆರೆದ ವೋಲ್ಟೇಜ್ 44 ಬರುತ್ತದೆ, 75 ವೋಲ್ಟ್ ತಾಳುವ 15 ಆಂಪಿಯರ್ ಎಂಪಿಪಿಟಿ ಸರಿಹೊಂದುತ್ತದೆ. ಸರಣಿಯಲ್ಲಿ ಒಂದು ಸೆಲ್‌ಗೆ ನೆರಳು ಬಿದ್ದರೂ ಪೂರ್ತಿ ಸಾಲು ಸೊರಗುತ್ತದೆ. ನೆರಳಿನ ಸೆಲ್‌ಗಳನ್ನು ಬಳಸಿ ಕರೆಂಟ್ ದಾಟಿಸುವ ಬೈಪಾಸ್ ಡಯೋಡ್ ಇಲ್ಲದ ಅಗ್ಗದ ಪ್ಯಾನೆಲ್‌ನಲ್ಲಿ ಆ ಸೆಲ್ ಕಾದು ಕಂದು ಚುಕ್ಕೆಯಾಗುತ್ತದೆ. ಮಾಡಿನ ಆಂಟೆನಾದ ನೆರಳು ದಿನವಿಡೀ ಎಲ್ಲೆಲ್ಲಿ ಹಾಯುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಆಮೇಲೆ ಅಂಟಿಸಿ.

ಕಂಟ್ರೋಲರ್ ಬ್ಯಾಟರಿಯ ಪಕ್ಕದಲ್ಲಿರಲಿ, ಫಲಕದ ಪಕ್ಕದಲ್ಲಲ್ಲ. 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಮೂರು ಮೀಟರ್ ದೂರಕ್ಕೆ 14 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲಿ 0.4 ವೋಲ್ಟ್‌ನಷ್ಟು ಬೀಳುತ್ತದೆ, ಬ್ಯಾಟರಿ ತುಂಬುವುದು ನಿಧಾನವಾಗುತ್ತದೆ. ಅದೇ ದೂರವನ್ನು 36 ವೋಲ್ಟ್, 5.5 ಆಂಪಿಯರ್‌ನಲ್ಲಿ ದಾಟಿಸಿದರೆ ನಷ್ಟ ಲೆಕ್ಕಕ್ಕೇ ಇಲ್ಲ. ತಂತಿಯನ್ನು ಹಿಂಬಾಗಿಲಿನ ರಬ್ಬರ್ ತೋಳಿನೊಳಗೆ ಒಯ್ಯಿರಿ, ಒಳಹೋಗುವ ಮುನ್ನ ಕೆಳಕ್ಕೊಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಾಡಿನ ಪಕ್ಕದ ಪಟ್ಟಿಯೊಳಗೆ ಕರ್ಟನ್ ಏರ್‌ಬ್ಯಾಗ್ ಮಡಚಿಕೊಂಡಿರುತ್ತದೆ. ಅದು ಅರಳುವ ದಾರಿಗೆ ತಂತಿ ಅಡ್ಡ ಬಂದರೆ ಅಪಘಾತದ ಹೊತ್ತಿಗೆ ತಲೆಗೆ ರಕ್ಷಣೆ ತಪ್ಪುತ್ತದೆ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್ ಕಡ್ಡಾಯ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಇದರ ಉಲ್ಟಾ. ಕೆಲಸ ಮುಗಿಯುವವರೆಗೆ ಫಲಕದ ಮೇಲೆ ದಪ್ಪ ಕಂಬಳಿ ಇರಲಿ, ಬಿಸಿಲಲ್ಲಿರುವ ಫಲಕಕ್ಕೆ ಸ್ವಿಚ್ ಆಫ್ ಎಂಬುದಿಲ್ಲ. ಚಿಕ್ಕ ಬ್ಯಾಟರಿ ಎಜಿಎಂ (ಮುಚ್ಚಿದ ಸೀಸ-ಆಮ್ಲ) ಜಾತಿಯದ್ದಾದರೆ 14.4 ವೋಲ್ಟ್ ಮೀರದಂತೆ, ತುಂಬಿದ ಮೇಲೆ 13.6ಕ್ಕೆ ಇಳಿಯುವಂತೆ ಹೊಂದಿಸಿ; 25 ಡಿಗ್ರಿಗಿಂತ ಬಿಸಿಯಾದಷ್ಟೂ ವೋಲ್ಟೇಜ್ ಇಳಿಸುವ ಉಷ್ಣ ಸಂವೇದಕ ಇದ್ದರೆ ಡಿಕ್ಕಿಯ ಕಾವಿನಲ್ಲಿ ಬ್ಯಾಟರಿ ಒಣಗುವುದಿಲ್ಲ. ಕೀ ಸರಿಯಾಗಿ ಸ್ಪಂದಿಸದೆ ಹೋದರೆ, ರೇಡಿಯೋದಲ್ಲಿ ಗರಗರ ಕೇಳಿದರೆ ಕಂಟ್ರೋಲರ್‌ನ ತಂತಿಗಳಿಗೆ ಫೆರೈಟ್ ಉಂಗುರ ಹಾಕಿ.

ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಅಪಘಾತವಾದಾಗ ರಕ್ಷಣಾ ಸಿಬ್ಬಂದಿ ಮೊದಲು 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಕತ್ತರಿಸುತ್ತಾರೆ. ಏರ್‌ಬ್ಯಾಗ್ ಮತ್ತು ದೊಡ್ಡ ರಿಲೇಗಳು ನಿಷ್ಕ್ರಿಯವಾಗಲಿ ಎಂದು. ಹಗಲಿನಲ್ಲಿ ಫಲಕ ಬೇರೆ ದಾರಿಯಿಂದ 12 ವೋಲ್ಟ್ ಕೊಡುತ್ತಲೇ ಇದ್ದರೆ ಅವರು ಕತ್ತರಿಸಿದ್ದು ದಂಡ. ಆದ್ದರಿಂದ ಕಂಟ್ರೋಲರ್‌ನ ನೆಗೆಟಿವ್ ಅನ್ನು ಬಾಡಿಗಲ್ಲ, ಬ್ಯಾಟರಿಯ ಕಂಬಕ್ಕೇ ಕಟ್ಟಿ. ಕೇಬಲ್ ಕತ್ತರಿಸಿದೊಡನೆ ಅದೂ ಕಡಿಯುತ್ತದೆ. ನೆಗೆಟಿವ್ ಕಂಬದ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಹೀಗೆ ಕಟ್ಟಿದರೆ ಕಾರಿನ ಲೆಕ್ಕ ತಪ್ಪುತ್ತದೆ, ಅಲ್ಲಿ ಸೆನ್ಸರ್‌ನ ಬಾಡಿ ಬದಿಗೆ ಕಟ್ಟಲೇಬೇಕು. ಆಗ ಫಲಕದ ತಂತಿಗೆ ಕೈಗೆಟಕುವ ಡಿಸಿ ಸ್ವಿಚ್, ಅದರ ಮೇಲೆ ಎದ್ದುಕಾಣುವ ಚೀಟಿ ಎರಡೂ ಬೇಕು.

ಪ್ಲಗ್-ಇನ್ ಹೈಬ್ರಿಡ್ ಇರುವವರಿಗೆ ಎರಡು ಮಾತು. ಮಾಡಿನ ಫಲಕದಿಂದ ಇನ್ವರ್ಟರ್ ಮೂಲಕ ಚಾರ್ಜಿಂಗ್ ಪ್ಲಗ್‌ಗೆ ನೇರ ಕೊಡಲಾಗದು. ಎಸಿ ಚಾರ್ಜಿಂಗ್‌ನ ನಿಯಮದಲ್ಲಿ ಕನಿಷ್ಠ ಕರೆಂಟೇ 6 ಆಂಪಿಯರ್, 230 ವೋಲ್ಟ್‌ನಲ್ಲಿ ಅದು 1380 ವ್ಯಾಟ್. 200 ವ್ಯಾಟ್ ಫಲಕ ದಿನವೆಲ್ಲ ಕೂಡಿಟ್ಟದ್ದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅದರಲ್ಲೂ ಇನ್ವರ್ಟರ್ ಮತ್ತು ಚಾರ್ಜರ್ ತಮ್ಮ ಪಾಲು ಕಡಿಯುತ್ತವೆ. ಅದೇ ಫಲಕಗಳನ್ನು ಮನೆಯ ಮಾಡಿನ ಮೇಲೆ ಸರಿಯಾದ ಓರೆಯಲ್ಲಿ, ಅಡಿಯಲ್ಲಿ ಗಾಳಿಯಾಡುವಂತೆ ಹಾಕಿದರೆ ಒಂದು ಕಿಲೋವ್ಯಾಟ್‌ಗೆ ಒಳ್ಳೆಯ ದಿನ ನಾಲ್ಕು ಯೂನಿಟ್ ಸಿಗುತ್ತದೆ, ಕಾರು ನೆರಳಲ್ಲೂ ಇರುತ್ತದೆ. ನೆರಳಿನ ಬೆಲೆ ಸಣ್ಣದಲ್ಲ. ಫಲಕಕ್ಕಾಗಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗನ್ನು ತಂಪು ಮಾಡಲು ಏರ್ ಕಂಡೀಷನರ್ ಒಂದು ಕಿಲೋವ್ಯಾಟ್‌ನಂತೆ ಇಪ್ಪತ್ತು ನಿಮಿಷ ಓಡಿದರೆ 330 ವ್ಯಾಟ್-ಅವರ್ ಖರ್ಚು. ದಿನದ ಸಂಪಾದನೆಯ ಅರ್ಧ ಅಲ್ಲೇ ಕರಗಿತು. ಪ್ರಿಯಸ್‌ನಂಥ ಕಾರುಗಳಲ್ಲಿ ದೊಡ್ಡ ಬ್ಯಾಟರಿ ಉಸಿರಾಡುವುದೂ ಆ ಬಿಸಿಯಾದ ಒಳಗಾಳಿಯನ್ನೇ. ಮೂರನೇ ತಲೆಮಾರಿನ ಪ್ರಿಯಸ್‌ಗೆ ತಯಾರಕರು ಕೊಟ್ಟ ಸೌರ ಮಾಡು ಚಾರ್ಜಿಂಗ್ ಗೋಜಿಗೇ ಹೋಗದೆ, ನಿಂತ ಕಾರಿನ ಬಿಸಿಗಾಳಿಯನ್ನು ಹೊರದೂಡುವ ಫ್ಯಾನ್ ಮಾತ್ರ ತಿರುಗಿಸುತ್ತಿತ್ತು. ಅದು ಬುದ್ಧಿವಂತಿಕೆಯ ಆಯ್ಕೆ ಎಂದೇ ನಮ್ಮ ಅಭಿಪ್ರಾಯ.

ಸಂಪಾದಕರಲ್ಲಿ ಒಂದು ಕೋರಿಕೆ. ಸೌರ ಕಾರುಗಳ ಬಗ್ಗೆ ಬರಹ ಪ್ರಕಟಿಸುವಾಗ ಫಲಕದ ವ್ಯಾಟ್ ಜೊತೆಗೆ ದಿನಕ್ಕೆ ಎಷ್ಟು ವ್ಯಾಟ್-ಅವರ್, ಅದು ಸೇರುವುದು 12 ವೋಲ್ಟ್ ಬ್ಯಾಟರಿಗೋ ದೊಡ್ಡ ಬ್ಯಾಟರಿಗೋ, ಅಳೆದದ್ದು ನಿಂತ ಕಾರಿನಲ್ಲೋ ಓಡುವ ಕಾರಿನಲ್ಲೋ ಎಂಬ ಮೂರನ್ನು ಕೇಳಿ ಬರೆಸಿ. ಈಗಾಗಲೇ ಯಾರಾದರೂ ಕಿತ್ತಳೆ ಕೇಬಲ್‌ಗೆ ಫಲಕದ ತಂತಿ ಸೇರಿಸಿಕೊಂಡಿದ್ದರೆ, ಅವರು ತಾವೇ ಬಿಚ್ಚಲು ಹೋಗದೆ ಫಲಕಕ್ಕೆ ಕಂಬಳಿ ಮುಚ್ಚಿ, ಕಾರನ್ನು ಆಫ್ ಮಾಡಿ, ತರಬೇತಿ ಪಡೆದ ಹೈ ವೋಲ್ಟೇಜ್ ತಂತ್ರಜ್ಞರನ್ನು ಕರೆಸಲಿ.

– ವಾಹನ ವಿದ್ಯುತ್ ಕೆಲಸ ಬಲ್ಲ ಓದುಗರು